ಸರಿಮಾಡುವದಕ್ಕೆ ಮೇರೆಯುಂಟೋ?

ತಾತನ ನೇಗಿಲಿಗೆ ತಂದೆಯು ಹೊಸ ಗುಳವನ್ನು ಹಾಕಿಸುತ್ತಾನೆ. ಮಗನು ಹೊಸ ಈಸನ್ನು ಹೊಂದಿಸುತ್ತಾನೆ. ಆದರೂ ಮನೆಯವರು ಅದನ್ನು ತಾತನ ನೇಗಿಲೆಂದೇ ಕರೆಯುತ್ತಾರೆ. ಎಲ್ಲಿಯ ವರೆಗೆ ಹಾಗೆ ಕರೆಯುವದು ಸತ್ಯ? ಇದು ಅಲ್ಪವಾದ ಪ್ರಶ್ನೆಯೆಂದು ತೋರಬಹುದು. ಆದರೆ ಅಮೇರಿಕಾ ದೇಶದಲ್ಲಿ ನಡೆದ ಒಂದು ಸಂಗತಿಯನ್ನು ಆಲೋಚಿಸಿದರೆ ಅದರ ಭಾರವು ನಮಗೆ ತಿಳಿದು ಬರುವದು.

ಆ ದೇಶದ ಶೆವ್ರೊಲೆ ಕಂಪೆನಿಯವರು 1953ನೆಯ ಇಸವಿಯಲ್ಲಿ ಕಾರ್ವೆಟ್ ಎಂಬ ಮೋಟಾರು ಬಂಡಿಯನ್ನು ಮಾಡತೊಡಗಿದರು. ಇದು ಹೊರೆ ಸಾಗಿಸುವದಕ್ಕಲ್ಲ, ಸಂತೋಷಕ್ಕಾಗಿ ವೇಗವಾಗಿ ಓಡಿಸುವದಕ್ಕೆ ಉಂಟಾದದ್ದು. ಇಬ್ಬರಿಗೆ ಮಾತ್ರ ಸ್ಥಳ; ಬಟ್ಟೆಯ ಛಾವಣಿಯನ್ನು ಮಡಚಿಡಬಹುದು; ಅದರ ಮೈ ತಗಡಿನದಲ್ಲ, ಗಾಜಿನ ನಾರನ್ನು ರಾಳದೊಡನೆ ಸೇರಿಸಿ ಮಾಡಿದ್ದು. ಆ ವರುಷ ಫ್ಲಿಂಟ್ ಪಟ್ಟಣದಲ್ಲಿ 300 ಬಂಡಿಗಳು ಮಾತ್ರ ತಯಾರಾದವು. ಎಲ್ಲವೂ ಹೊರಗೆ ಬಿಳಿ, ಒಳಗೆ ಕೆಂಪು. ಅಪರೂಪವಾದ ಕಾರಣ ಸಂಗ್ರಹಗಾರರು ಇಂದು ಅವುಗಳಿಗೆ ಬಹು ದೊಡ್ಡ ಬೆಲೆ ಕೊಡುತ್ತಾರೆ. 1992ರಲ್ಲಿ ಕೆಂಟಕಿ ಸೀಮೆಯ ಬೌಲಿಂಗ್ ಗ್ರೀನ್ ಕಾರಖಾನೆಯಲ್ಲಿ ಹತ್ತು ಲಕ್ಷವನ್ನು ತುಂಬಿಸಿದ ಕಾರ್ವೆಟ್ ಸಿದ್ಧವಾಯಿತು. ಮೊದಲಿನವುಗಳ ನೆನಪಿಗಾಗಿ ಅದಕ್ಕೂ ಬಿಳಿಯ ಮೈ, ಕೆಂಪು ಒಳಭಾಗ, ಮಡಚುವ ಛಾವಣಿ. ಅದನ್ನು ಕಟ್ಟಿದ ಕೆಲಸಗಾರರು ಅದರ ಭಾಗಗಳ ಮರೆಯಲ್ಲಿ ತಮ್ಮ ಹೆಸರುಗಳನ್ನು ಬರೆದಿಟ್ಟರು.

ಹೀಗಿರಲಾಗಿ 2014ರ ಫೆಬ್ರವರಿ 12ನೆಯ ತಾರೀಖು ಬೆಳಗಾಗುವ ಮೊದಲೇ, ಅದೇ ಪಟ್ಟಣದ ಕಾರ್ವೆಟ್ ವಸ್ತುಸಂಗ್ರಹಾಲಯದ ನೆಲವು ಕುಸಿಯಿತು. ಕೆಳಗಿನ ಸುಣ್ಣಕಲ್ಲನ್ನು ನೀರು ಸವೆಯಿಸಿ ಪೊಳ್ಳು ಮಾಡಿತ್ತು. ಸುಮಾರು 30 ಅಡಿ ಆಳದ ಕುಣಿಯೊಳಗೆ 8 ಬಂಡಿಗಳು ಬಿದ್ದವು. ಬಾಗಿಲು ತೆರೆಯದ ಹೊತ್ತಾದದರಿಂದ ಮನುಷ್ಯರಾರಿಗೂ ಕೇಡಾಗಲಿಲ್ಲ.

ಎಂಟನ್ನೂ ಮೇಲಕ್ಕೆತ್ತಿದರು, ಆದರೆ ಮೂರನ್ನು ಮಾತ್ರ ಸರಿಮಾಡಿದರು. ಹತ್ತು ಲಕ್ಷದ ಬಂಡಿಯನ್ನು 2015ರಲ್ಲಿ ಸರಿಮಾಡುವಾಗ, ಆ ಹೆಸರುಗಳಿದ್ದ ಭಾಗಗಳನ್ನು ಸಾಧ್ಯವಾದಷ್ಟು ಉಳಿಸಿದರು. ಬದಲಾಯಿಸಲೇ ಬೇಕಾದಲ್ಲಿ ಹೆಸರುಗಳ ಪಡಿಯಚ್ಚನ್ನು ತೆಗೆದರು. ಉಳಿದ ಐದು ಬಂಡಿಗಳನ್ನು ಜಜ್ಜಿಹೋದ ಹಾಗೆಯೇ ಇಟ್ಟರು. ಹದಿನೈದು ಲಕ್ಷವನ್ನು ತುಂಬಿಸಿದ 2009ರ ಬಂಡಿಯೂ ಅವುಗಳಲ್ಲಿ ಒಂದು.

ಹಣವಿರಲಿಲ್ಲವೇ, ಕುಶಲರಿರಲಿಲ್ಲವೇ ಎಂದು ಕೇಳುವವರುಂಟು. ಎರಡೂ ಇದ್ದವು. ಆದರೆ ಆ ಐದರಲ್ಲಿ ಸರಿಮಾಡುವದಕ್ಕೆ ಉಳಿದದ್ದೇ ಅತ್ಯಲ್ಪ. ಎಲ್ಲಾ ಭಾಗಗಳನ್ನು ಹೊಸದಾಗಿ ಹಾಕಿದ್ದರೆ ನಿಲ್ಲುವಂಥದು ಹಳೆಯ ಹೆಸರನ್ನು ಹೊತ್ತ ಹೊಸ ಬಂಡಿಯೇ ಹೊರತು ಬಿದ್ದದ್ದಲ್ಲ. ಆದದರಿಂದ ಅವರು ಹೊಳಪಿಗಿಂತ ಸತ್ಯವನ್ನು ಹೆಚ್ಚೆಂದು ಎಣಿಸಿದರೆಂದು ನಮಗೆ ತೋರುತ್ತದೆ.

ಆದಾಗ್ಯೂ ಮುರಿದದ್ದೆಲ್ಲವನ್ನು ಹಾಗೆಯೇ ಬಿಡಬೇಕೆಂದು ನಾವು ಹೇಳುವದಿಲ್ಲ. ಸರಿಯಾಗತಕ್ಕದ್ದನ್ನು ಬಿಟ್ಟುಬಿಡುವದು ಸೋಮಾರಿತನ. ಕಟ್ಟಿದ ಕೈಗಳಿಗೆ ಅದು ಅವಮರ್ಯಾದೆ. ಉಳಿದಿರುವ ಮೂಲವನ್ನು ಕಾಪಾಡುವದಕ್ಕಾಗಿ ಹೊಸದನ್ನು ಸೇರಿಸುವದು ದುರಸ್ತಿ. ಇಲ್ಲದ ಮೂಲವನ್ನು ಇದೆಯೆಂದು ತೋರಿಸುವದಕ್ಕಾಗಿ ಸೇರಿಸುವದು ವಂಚನೆ. ಪಡಿಯಚ್ಚಾದ ಹೆಸರು ಕೆಲಸಗಾರನ ಕೈಬರಹವಲ್ಲ. ಪಡಿಯಚ್ಚೆಂದು ಒಪ್ಪಿಕೊಂಡರೆ ಅದು ಕೃತಜ್ಞತೆಯ ಗುರುತು. ಕೈಬರಹವೆಂದು ಹೇಳಿ ಬೆಲೆ ಏರಿಸಿದರೆ ಅದು ಸುಳ್ಳು. ಅಕ್ಷರಗಳು ಒಂದೇ, ನಮ್ಮ ಮಾತಿನಿಂದಲೇ ಅವು ಒಳ್ಳೆಯವೂ ಕೆಟ್ಟವೂ ಆಗುವವು.

ಆದಕಾರಣ ತಾತನ ನೇಗಿಲಿಗೆ ಹೊಸ ಗುಳ ಹಾಕಿಸುವದಕ್ಕೆ ಯಾರೂ ಹಿಂಜರಿಯಬೇಕಾದದ್ದಿಲ್ಲ. ಆದರೆ ಕೇಳಿದವರಿಗೆ, ಮೇಳಿಯು ತಾತನದು, ಗುಳವು ನಮ್ಮದು ಎಂದು ಹೇಳೋಣ. ಹಾಗೆ ಹೇಳಬಲ್ಲಷ್ಟು ಕಾಲ ಅದು ತಾತನ ನೇಗಿಲೇ.