ಮರುಬಿಡುಗಡೆಯ ನಿರೀಕ್ಷೆಯಲ್ಲಿ

ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನ ತಳದಲ್ಲೋ ಹಳೆಯ ಧ್ವನಿಸುರುಳಿಗಳನ್ನು ತುಂಬಿಟ್ಟ ರಟ್ಟಿನ ಪೆಟ್ಟಿಗೆಯೊಂದು ಇರಬಹುದು. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಹೊರಬಂದಿತು. ಅನಂತರದ ಎರಡು ದಶಕಗಳಲ್ಲಿ ಇಂತಹ ಸುರುಳಿಗಳು ಕನ್ನಡದ ಮನೆಮನೆಗಳನ್ನು ಸೇರಿದವು. ಅವುಗಳಲ್ಲಿ ಕೆಲವು ಮುಂದೆ ಸಿ.ಡಿ.ಗಳಾದವು, ಇಂದು ಮೊಬೈಲಿನಲ್ಲಿಯೂ ಕೇಳಸಿಗುತ್ತವೆ. ಮತ್ತೆ ಕೆಲವು ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಹೊರತಂದ ಸಂಸ್ಥೆ ಮುಚ್ಚಿರುತ್ತದೆ ಅಥವಾ ಕೈಬದಲಾಗಿರುತ್ತದೆ. ಹಕ್ಕು ಯಾರದೆಂಬುದು ತಿಳಿಯದು. ಮೂಲ ಟೇಪು ಯಾವುದೋ ಗೋದಾಮಿನಲ್ಲಿ ಜೀರ್ಣವಾಗುತ್ತಿರುತ್ತದೆ. ಮತ್ತೆ ಅಚ್ಚು ಹಾಕಿದರೆ ಖರ್ಚು ಹುಟ್ಟುವುದಿಲ್ಲವೆಂದು ಲೆಕ್ಕ ಹಾಕಿ ಸುಮ್ಮನಾದವರೂ ಉಂಟು.

ಹೀಗೆ ಮರೆಯಾದ ತಮ್ಮ ಮೆಚ್ಚಿನ ಗಾಯಕರ ಹಾಡುಗಳು ಎಂದಾದರೊಂದು ದಿನ ಮರುಬಿಡುಗಡೆ ಆದಾವೆಂದು ಕಾಯುವವರು ಲೋಕದಲ್ಲಿ ಬಹಳ ಮಂದಿ. ನಾನೂ ಅವರಲ್ಲೊಬ್ಬ. ಹಸಿವು, ರೋಗ, ನಿರುದ್ಯೋಗಗಳ ನಡುವೆ ಇದೂ ಒಂದು ನಿರೀಕ್ಷೆಯೇ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ನಾನೂ ನನಗೆ ಕೇಳಿಕೊಂಡಿದ್ದೇನೆ. ಇದು ನಿಜವಾದ ನಿರೀಕ್ಷೆಯೋ ಅಥವಾ ನಿರೀಕ್ಷೆಯ ವೇಷ ತೊಟ್ಟ ಆಸೆಯೋ?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ವಿವೇಚನೆಯೊಂದನ್ನು ನಾವು ಕಲಿತಿದ್ದೆವು. ನಿರೀಕ್ಷೆಯ ಗುರಿಗೆ ನಾಲ್ಕು ಲಕ್ಷಣಗಳಿರಬೇಕು: ಅದು ಒಳಿತಾಗಿರಬೇಕು, ಇನ್ನೂ ಬರಬೇಕಾದದ್ದಾಗಿರಬೇಕು, ಸುಲಭವಾಗಿ ದಕ್ಕದ್ದಾಗಿರಬೇಕು, ಆದರೂ ಸಾಧ್ಯವಾದದ್ದಾಗಿರಬೇಕು. ಸುಲಭವಾಗಿ ಸಿಗುವುದನ್ನು ನಾವು ಬಯಸುತ್ತೇವೆಯೇ ಹೊರತು ನಿರೀಕ್ಷಿಸುವುದಿಲ್ಲ. ಎಂದೂ ಆಗದ್ದನ್ನು ಬಯಸಿದರೆ ಅದು ಹಗಲುಗನಸು. ಒಂದು ಹಾಡು ಮತ್ತೆ ಕೇಳಸಿಗಲೆಂದು ಕಾಯುವುದು ಈ ನಾಲ್ಕು ಲಕ್ಷಣಗಳಿಗೂ ಒಪ್ಪುತ್ತದೆಯೇ?

ಒಂದು ನಿಜವಾದ ಪ್ರಸಂಗವನ್ನು ನೋಡೋಣ. ವಾಷ್ಟಿ ಬನ್ಯನ್ ಎಂಬಾಕೆ 1945ರಲ್ಲಿ ಹುಟ್ಟಿದ ಇಂಗ್ಲೆಂಡಿನ ಗಾಯಕಿ. 1968ರಲ್ಲಿ ಆಕೆ ಕುದುರೆಗಾಡಿಯೊಂದರಲ್ಲಿ ಲಂಡನ್ನಿನ ಕಡೆಯಿಂದ ಸ್ಕಾಟ್ಲೆಂಡಿನ ದ್ವೀಪಗಳತ್ತ ಹೊರಟರು. ಒಂದು ವರ್ಷಕ್ಕೂ ಮೀರಿದ ಆ ಪಯಣದ ದಾರಿಯಲ್ಲಿ ಹೊಲ, ನದಿ, ಹಕ್ಕಿ, ಚಳಿಗಾಲಗಳನ್ನು ಕುರಿತು ಹಾಡು ಕಟ್ಟಿದರು. ಜೋ ಬಾಯ್ಡ್ ಎಂಬ ನಿರ್ಮಾಪಕರು ಆ ಹಾಡುಗಳನ್ನು ಧ್ವನಿಮುದ್ರಿಸಿದರು. 'ಜಸ್ಟ್ ಅನದರ್ ಡೈಮಂಡ್ ಡೇ' ಎಂಬ ಹೆಸರಿನ ಆಲ್ಬಂ 1970ರಲ್ಲಿ ಹೊರಬಂದಿತು. ಕೊಂಡವರು ಕೆಲವೇ ಮಂದಿ. ಮನನೊಂದ ಬನ್ಯನ್ ಸಂಗೀತವನ್ನೇ ಬಿಟ್ಟು ಮಕ್ಕಳನ್ನು ಸಾಕುತ್ತಾ ಹಳ್ಳಿಗಾಡಿನ ಬದುಕಿಗೆ ಸರಿದರು.

ಆದರೆ ಆ ಕೆಲವರು ಆ ಹಾಡುಗಳನ್ನು ಮರೆಯಲಿಲ್ಲ. ವರ್ಷಗಳು ಕಳೆದಂತೆ ಹಳೆಯ ತಟ್ಟೆಯ ಒಂದೊಂದು ಪ್ರತಿಯೂ ಸಂಗ್ರಾಹಕರ ನಡುವೆ ನೂರಾರು ಪೌಂಡುಗಳಿಗೆ ಕೈಬದಲಾಯಿತು. ಆ ಹಣದಲ್ಲಿ ಹಾಡಿದಾಕೆಗೆ ಸಂದದ್ದು ಏನೂ ಇಲ್ಲ. ತನ್ನನ್ನು ಹುಡುಕುವವರಿದ್ದಾರೆಂಬ ಸಂಗತಿ ಆಕೆಗೆ ತಿಳಿದದ್ದು 1990ರ ದಶಕದ ಕೊನೆಯ ಭಾಗದಲ್ಲಿ. 2000ದಲ್ಲಿ ಆಲ್ಬಂ ಮರುಬಿಡುಗಡೆಯಾಯಿತು. ಅನಂತರ ಆಕೆ ಮತ್ತೆ ಹಾಡತೊಡಗಿದರು. ಅವರ ಎರಡನೆಯ ಆಲ್ಬಂ 2005ರಲ್ಲಿ, ಅಂದರೆ ಮೊದಲನೆಯದು ಬಂದು 35 ವರ್ಷಗಳಾದ ಮೇಲೆ ಹೊರಬಂದಿತು, ಮೂರನೆಯದು 2014ರಲ್ಲಿ.

ಅದೇ ಜೋ ಬಾಯ್ಡ್ ಅವರು ನಿಕ್ ಡ್ರೇಕ್ ಎಂಬ ಇನ್ನೊಬ್ಬ ಯುವ ಗಾಯಕನ ಮೊದಲ ಎರಡು ಆಲ್ಬಂಗಳನ್ನೂ ನಿರ್ಮಿಸಿದ್ದರು. ಡ್ರೇಕ್ ಬದುಕಿದ್ದಾಗ ಅವು ಹೆಚ್ಚು ಮಾರಾಟವಾಗಲಿಲ್ಲ. 1974ರಲ್ಲಿ, 26ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಆದರೆ ಬಾಯ್ಡ್ ತಮ್ಮ ಸಂಸ್ಥೆಯನ್ನು ಮಾರುವಾಗ ಒಂದು ಷರತ್ತು ಹಾಕಿದ್ದರು: ಡ್ರೇಕ್‌ನ ಧ್ವನಿಮುದ್ರಿಕೆಗಳನ್ನು ಎಂದಿಗೂ ಮಾರಾಟದ ಪಟ್ಟಿಯಿಂದ ತೆಗೆಯಕೂಡದು. ಇದನ್ನು ಅವರೇ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಕೊಳ್ಳುವವರಿಲ್ಲದ ಹಾಡುಗಳಿಗಾಗಿ ಒಬ್ಬ ವ್ಯಾಪಾರಿ ಹಾಕಿದ ಷರತ್ತು ಇದು. ಇಂದು ಆ ಹಾಡುಗಳನ್ನು ಜಗತ್ತಿನಾದ್ಯಂತ ಜನ ಕೇಳುತ್ತಾರೆ.

ಹೀಗಾಗಿ ನಮ್ಮ ನಿರೀಕ್ಷೆ ಅಸಾಧ್ಯದ್ದಲ್ಲ, ಸುಲಭದ್ದೂ ಅಲ್ಲ. ಇನ್ನು ಉಳಿದಿರುವುದು ಮೊದಲನೆಯ ಲಕ್ಷಣ: ನಾವು ಕಾಯುತ್ತಿರುವುದು ನಿಜಕ್ಕೂ ಒಳಿತಿಗಾಗಿಯೇ?

ಇಲ್ಲಿ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು. ಗುರುಮಠದ ದಿನಗಳಲ್ಲಿ ನನ್ನ ಬಳಿ ನನಗೆ ಅಚ್ಚುಮೆಚ್ಚಿನ ಗಾಯಕರೊಬ್ಬರ ಎರಡು ಧ್ವನಿಸುರುಳಿಗಳಿದ್ದವು. ಆಗಲೇ ಅವು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ನನ್ನ ಸಹಪಾಠಿಯೊಬ್ಬರ ತಾಯಿಗೂ ಆ ಗಾಯಕರೆಂದರೆ ಪ್ರಾಣ. ಆ ತಾಯಿ ಹಾಸಿಗೆ ಹಿಡಿದಿದ್ದ ಸಮಯದಲ್ಲಿ ಸಹಪಾಠಿ ಬಂದು, "ರಜೆಗೆ ಊರಿಗೆ ಹೋಗುತ್ತಿದ್ದೇನೆ, ಅಮ್ಮನಿಗೆ ಕೇಳಿಸಿ ಹಾಗೆಯೇ ವಾಪಸ್ ತಂದುಕೊಡುತ್ತೇನೆ" ಎಂದು ಕೇಳಿದರು. "ಟೇಪು ಬಹಳ ಸವೆದಿದೆ ಮಾರಾಯರೇ, ಎಲ್ಲಾದರೂ ತುಂಡಾದರೆ ಮತ್ತೆ ಸಿಗುವುದಿಲ್ಲ" ಎಂದೆ. ಅವರು ಮರುಮಾತಾಡಲಿಲ್ಲ. ಟೇಪು ಅಷ್ಟೇನೂ ಸವೆದಿರಲಿಲ್ಲ. ನನ್ನ ಬಳಿ ಇರುವುದು ಬೇರೆಯವರ ಬಳಿ ಇಲ್ಲವೆಂಬ ಭಾವವೇ ನನಗೆ ಹಾಡಿಗಿಂತ ಹೆಚ್ಚು ಪ್ರಿಯವಾಗಿತ್ತು.

ಮರುವರ್ಷ ಆ ತಾಯಿ ತೀರಿಕೊಂಡರು. ಕೆಲವು ವರ್ಷಗಳ ನಂತರ ನನ್ನನ್ನು ಮಲೆನಾಡಿನ ಧರ್ಮಕೇಂದ್ರವೊಂದಕ್ಕೆ ನೇಮಿಸಲಾಯಿತು. ಅಲ್ಲಿನ ಎರಡು ಮಳೆಗಾಲಗಳಲ್ಲಿ ಆ ಸುರುಳಿಗಳಿಗೆ ಬೂಷ್ಟು ಹಿಡಿಯಿತು. ಪದರಗಳು ಒಂದಕ್ಕೊಂದು ಅಂಟಿಕೊಂಡವು. ಇಂದು ಅವು ತಿರುಗುವುದಿಲ್ಲ. ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ನಾನು ಎಷ್ಟೋ ಭಾನುವಾರ ಬೋಧಿಸಿದ್ದೇನೆ. ಆ ಸೇವಕನ ತಲಾಂತಾದರೂ ಹಾಳಾಗದೆ ಧಣಿಯ ಕೈಗೆ ಮರಳಿತು.

ಆದ್ದರಿಂದ ನಿಮ್ಮ ಹಾಗೂ ನನ್ನ ನಿರೀಕ್ಷೆಯನ್ನು ಅಳೆಯಲು ಒಂದು ಸರಳ ಪರೀಕ್ಷೆಯನ್ನು ಸೂಚಿಸುತ್ತೇನೆ. ನಿಮ್ಮಲ್ಲಿರುವ ಅಪರೂಪದ ಧ್ವನಿಮುದ್ರಿಕೆ ನಾಳೆಯೇ ಮರುಬಿಡುಗಡೆಯಾಗಿ ಬೀದಿಬದಿಯ ಅಂಗಡಿಯಲ್ಲಿಯೂ ಸಿಗುವಂತಾದರೆ ನಿಮಗೆ ಸಂತೋಷವಾಗುತ್ತದೆಯೇ? ನಿಮ್ಮ ಪ್ರತಿಯ ಬೆಲೆ ಬಿದ್ದುಹೋದೀತು. ನಿಮಗೊಬ್ಬರಿಗೇ ಗೊತ್ತಿದ್ದ ಹಾಡನ್ನು ಪಕ್ಕದ ಮನೆಯ ಹುಡುಗನೂ ಗುನುಗಿಯಾನು. ಅದನ್ನು ಕೇಳಿ ಮನಸ್ಸು ಅರಳಿದರೆ ನೀವು ಪ್ರೀತಿಸಿದ್ದು ಹಾಡನ್ನು. ಮನಸ್ಸು ಮುದುಡಿದರೆ ಪ್ರೀತಿಸಿದ್ದು ಒಡೆತನವನ್ನು. ಹಂಚಿದರೂ ಕಡಿಮೆಯಾಗದ ವಸ್ತುವನ್ನು ಹಂಚದೆ ಇಟ್ಟುಕೊಂಡವನು ಅದನ್ನು ಸರಿಯಾಗಿ ಹೊಂದಿದವನಲ್ಲ ಎಂಬ ಅರ್ಥದ ಮಾತನ್ನು ಸಂತ ಅಗಸ್ಟೀನರು ಹೇಳಿದ್ದಾರೆ. ರೊಟ್ಟಿಯನ್ನು ಹಂಚಿದರೆ ನಮ್ಮ ಪಾಲು ಕಿರಿದಾಗುತ್ತದೆ, ಹಾಡಿನ ವಿಷಯದಲ್ಲಿ ಆ ನೆಪವೂ ನಮಗಿಲ್ಲ.

ಒಡೆತನದ ಈ ಮಿತಿಯನ್ನು ದೇಶದ ಕಾನೂನು ಕೂಡ ಬಲ್ಲದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಶಾಶ್ವತವಲ್ಲ. ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಮಾತ್ರ. ಪ್ರಕಟವಾದ ಕೃತಿಯೊಂದನ್ನು ಹಕ್ಕುದಾರರು ಮತ್ತೆ ಹೊರತರಲೂ ಒಪ್ಪದೆ, ತರುವವರಿಗೆ ಅನುಮತಿಯನ್ನೂ ಕೊಡದೆ ಜನರಿಂದ ತಡೆಹಿಡಿದರೆ, ಕಡ್ಡಾಯ ಪರವಾನಗಿಗಾಗಿ ಅರ್ಜಿ ಹಾಕಲು ಅದೇ ಕಾಯಿದೆಯ 31ನೆಯ ವಿಧಿಯಲ್ಲಿ ಅವಕಾಶವಿದೆ. ಕೃತಿಯ ಮೇಲಿನ ಹಕ್ಕು ಅದನ್ನು ಹೂತಿಡುವ ಹಕ್ಕಲ್ಲವೆಂಬ ತಿಳಿವು ಇದರ ಹಿಂದಿದೆ.

ಹಾಗಾದರೆ ಸಿಗದ ಹಾಡನ್ನು ನಕಲು ಮಾಡಿಕೊಳ್ಳುವುದು ತಪ್ಪಲ್ಲವೇ ಎಂದು ಯುವಜನರು ನನ್ನನ್ನು ಕೇಳುತ್ತಾರೆ. ನಕಲು ಮಾಡಿ ಮಾರುವವನು ಹಾಡಿದವರ ಅನ್ನವನ್ನು ಕದಿಯುತ್ತಾನೆ. ಇದರಲ್ಲಿ ಎರಡು ಮಾತಿಲ್ಲ. ನಶಿಸುತ್ತಿರುವ ಧ್ವನಿಯೊಂದನ್ನು ಉಳಿಸಲೆಂದು ಪ್ರತಿ ಮಾಡಿಟ್ಟವನನ್ನು ನಾನು ಅದೇ ತಕ್ಕಡಿಯಲ್ಲಿ ತೂಗಲಾರೆ. ಆದರೆ ಅವನ ಮೇಲೂ ಒಂದು ಋಣವಿದೆ. ಗಾಯಕರು ಬದುಕಿದ್ದರೆ ಅವರನ್ನು ಕೇಳಬೇಕು. ಆಲ್ಬಂ ಮರುಬಿಡುಗಡೆಯಾದ ದಿನ, ತನ್ನ ಬಳಿ ನಕಲು ಇದೆಯೆಂದು ಸುಮ್ಮನಿರದೆ, ಹಣ ಕೊಟ್ಟು ಕೊಳ್ಳಬೇಕು. ಬನ್ಯನ್ ಅವರ ಹಳೆಯ ತಟ್ಟೆಗೆ ನೂರಾರು ಪೌಂಡು ತೆತ್ತವರಿಗಿಂತ 2000ದಲ್ಲಿ ಆ ಸಿ.ಡಿ.ಯನ್ನು ಸಾಧಾರಣ ಬೆಲೆಗೆ ಕೊಂಡವರೇ ಆಕೆಗೆ ಹೆಚ್ಚಿನ ಉಪಕಾರ ಮಾಡಿದರು. ತನ್ನ ಹಾಡು ಬೇಕಾದವರು ಇದ್ದಾರೆಂಬುದನ್ನು ಆಕೆಗೆ ಕಾಣಿಸಿಕೊಟ್ಟವರು ಅವರು.

ನಿರೀಕ್ಷೆಯೆಂದರೆ ಕೈಕಟ್ಟಿ ಕುಳಿತಿರುವುದಲ್ಲ. ಹಕ್ಕುದಾರರ ವಿಳಾಸ ತಿಳಿದಿದ್ದರೆ ಒಂದು ಪತ್ರ ಬರೆಯಿರಿ. ಕೇಳುವವರಿದ್ದಾರೆಂದು ತಿಳಿಯದಿದ್ದರೆ ಅವರಾದರೂ ಏಕೆ ಹೊರತಂದಾರು? ಪೆಟ್ಟಿಗೆಯಲ್ಲಿರುವ ಸುರುಳಿಗಳನ್ನು ತೇವ ತಾಗದ ಕಡೆ ಇಡಿ. ನಿಮ್ಮ ಊರಿನಲ್ಲಿ ಒಂದು ಕಾಲಕ್ಕೆ ಹಾಡಿ ಇಂದು ಯಾರ ನೆನಪಿಗೂ ಬಾರದೆ ಕುಳಿತಿರುವ ಹಿರಿಯರಿದ್ದರೆ, ಅವರ ಮನೆಗೆ ಹೋಗಿ, "ನಿಮ್ಮ ಆ ಹಾಡು ನಮಗೆ ಇನ್ನೂ ನೆನಪಿದೆ" ಎಂದು ಹೇಳಿ. 30 ವರ್ಷ ಕಾದ ಬಳಿಕ ಬನ್ಯನ್ ಅವರಿಗೆ ಸಿಕ್ಕ ಆ ಮಾತು ಡ್ರೇಕ್‌ಗೆ ಬದುಕಿರುವಾಗ ಸಾಕಷ್ಟು ಸಿಗಲಿಲ್ಲ.

ನಾನು ಕಾಯುತ್ತಿರುವ ಎರಡು ಆಲ್ಬಂಗಳು ಇನ್ನೂ ಮರುಬಿಡುಗಡೆಯಾಗಿಲ್ಲ. ಆದ ದಿನ ಎರಡೆರಡು ಪ್ರತಿ ಕೊಳ್ಳಬೇಕೆಂದುಕೊಂಡಿದ್ದೇನೆ, ಒಂದು ಜೊತೆ ಆ ಸಹಪಾಠಿಗೆ. ಅವರೀಗ ದೂರದ ಧರ್ಮಕೇಂದ್ರವೊಂದರಲ್ಲಿ ಗುರುಗಳಾಗಿದ್ದಾರೆ. ಹಾಡು ಮರಳಿ ಬರಬಹುದು. ಹಾಸಿಗೆಯಲ್ಲಿದ್ದ ತಾಯಿಗೆ ಅದನ್ನು ಕೇಳಿಸುವ ಆ ರಜೆಯ ದಿನಗಳು ಮರಳಿ ಬರುವುದಿಲ್ಲ. ಯಾವ ಸಂಸ್ಥೆಯೂ ಅವನ್ನು ಮರುಬಿಡುಗಡೆ ಮಾಡಲಾರದು. ಆದ್ದರಿಂದ ಪ್ರಿಯ ಓದುಗರೇ, ನಿಮ್ಮ ಪೆಟ್ಟಿಗೆಯಲ್ಲಿ ಇನ್ನೂ ತಿರುಗುವ ಸುರುಳಿಯೊಂದಿದ್ದು, ಅದನ್ನು ಕೇಳಬಯಸುವವರು ಯಾರಾದರೂ ಇದ್ದರೆ, ಈ ಭಾನುವಾರವೇ ಒಯ್ದು ಕೇಳಿಸಿಬನ್ನಿ.