ಓಟವೂ ಮನಸ್ಸಮಾಧಾನವೂ

ಮನುಷ್ಯನು ಏಕೆ ಓಡುತ್ತಾನೆ? ಹುಲಿ ಬೆನ್ನಟ್ಟಿದರೆ ಓಡುತ್ತಾನೆ. ಬಸ್ಸು ತಪ್ಪುವಂತಿದ್ದರೆ ಓಡುತ್ತಾನೆ. ಪಂದ್ಯದಲ್ಲಿ ಬಹುಮಾನವಿದ್ದರೆ ಓಡುತ್ತಾನೆ. ಈ ಮೂರರಲ್ಲಿಯೂ ಓಟವು ಸಾಧನವಷ್ಟೇ, ಫಲವು ಬೇರೆಡೆಯಲ್ಲಿದೆ. ಭಯವೂ ಇಲ್ಲದೆ, ಬಹುಮಾನವೂ ಇಲ್ಲದೆ, ಮುಂಜಾವದಲ್ಲೆದ್ದು ಎರಡು ಮೈಲು ಓಡಿ ಹೊರಟಲ್ಲಿಗೇ ತಿರುಗಿ ಬರುವವನನ್ನು ಕಂಡರೆ ನಮ್ಮ ಊರಿನವರು "ಇವನಿಗೇನಾಯಿತು?" ಎಂದು ಕೇಳುವದುಂಟು. ಆ ಪ್ರಶ್ನೆಯು ಬರಿಯ ಪರಿಹಾಸ್ಯವಲ್ಲ. ಹೊರಗಿನ ಫಲವಿಲ್ಲದ ಕರ್ಮದಲ್ಲಿ ತೃಪ್ತಿ ಇರಬಲ್ಲುದೇ ಎಂಬ ಹಳೆಯ ವಿಚಾರವೇ ಅದರಲ್ಲಿ ಅಡಗಿದೆ.

ಹಾಗೆ ಕೇಳುತ್ತಿದ್ದವರಲ್ಲಿ ನಾನೂ ಒಬ್ಬನು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗನಿಗೆ ಬೇರೆ ವ್ಯಾಯಾಮವೇತಕ್ಕೆ? ತೋಟಕ್ಕೆ ಇಳಿಯುವದು, ಸೊಪ್ಪಿನ ಬೆಟ್ಟಕ್ಕೆ ಏರುವದು, ಹೊರೆ ಹೊರುವದು, ಇಷ್ಟು ಸಾಲದೆ? ಹೀಗೆಂದು ಬಹುಕಾಲ ವಾದಿಸಿದೆನು. ಒಂದು ವರುಷ ಆಷಾಢದ ಮಳೆಯು ಬಿಡುವು ಕೊಡಲಿಲ್ಲ. ಬೋರ್ಡೋ ದ್ರಾವಣ ಹೊಡೆಯುವದಕ್ಕೆ ಒಂದು ಹೊತ್ತಿನ ಬಿಸಿಲೂ ದೊರೆಯಲಿಲ್ಲ. ಕೊಳೆರೋಗ ಹತ್ತಿ ಎಳೆಯ ಅಡಿಕೆಯೆಲ್ಲ ಮರದ ಬುಡದಲ್ಲಿ ಉದುರಿಬಿದ್ದಿತು. ಹಗಲೆಲ್ಲ ದುಡಿದು ದಣಿದ ದೇಹವು ಹಾಸಿಗೆಗೆ ಒರಗಿದರೂ ಕಣ್ಣು ಮುಚ್ಚುತ್ತಿರಲಿಲ್ಲ. ಮಾಡಿನ ಮೇಲಣ ಮಳೆಯ ಸದ್ದನ್ನು ಕೇಳುತ್ತ, ಸಾಲದ ಲೆಕ್ಕವನ್ನು ಕೂಡಿಸುತ್ತ ಬೆಳಗು ಮಾಡುತ್ತಿದ್ದೆನು.

ಆ ಹೊತ್ತಿನಲ್ಲಿ ಬೆಂಗಳೂರಿನಿಂದ ಬಂದಿದ್ದ ಮಗನು ಒಂದು ಬೆಳಿಗ್ಗೆ ನನ್ನನ್ನು ಬಲವಂತದಿಂದ ಹೊರಡಿಸಿ ಮಂಚಿಕೇರಿಯ ಹಾದಿಗೆ ಕರೆದೊಯ್ದನು. ಮೊದಲ ದಿವಸ ಎರಡು ವಿದ್ಯುತ್ ಕಂಬಗಳ ನಡುವಣ ದೂರವನ್ನೂ ಓಡಿ ಮುಗಿಸಲಾರದೆ ನಿಂತೆನು. ದೀಪಾವಳಿಯ ಹೊತ್ತಿಗೆ ಒಂದು ಮೈಲನ್ನು ನಿಲ್ಲದೆ ಓಡುವಂತಾಯಿತು. ಉಸಿರನ್ನು ಎಣಿಸುವ ಕೆಲಸದಲ್ಲಿ ತೊಡಗಿದ ಮನಸ್ಸು ಸಾಲವನ್ನು ಎಣಿಸುವದನ್ನು ಅಷ್ಟು ಹೊತ್ತು ಮರೆಯಿತು. ರಾತ್ರಿ ನಿದ್ದೆಯೂ ಬಂದಿತು. ಓಡಿದ್ದರಿಂದ ಕೊಳೆರೋಗವು ನಿಲ್ಲಲಿಲ್ಲ, ಸಾಲವೂ ತೀರಲಿಲ್ಲ. ಅವುಗಳನ್ನು ನೋಡುವ ಕಣ್ಣು ಮಾತ್ರ ತಿಳಿಯಾಯಿತು. ತೋಟದ ದುಡಿಮೆಯಲ್ಲಿ ದೊರೆಯದ ಈ ಸಮಾಧಾನವು ಓಟದಲ್ಲಿ ಏಕೆ ದೊರೆಯಿತು? ತೋಟದಲ್ಲಿ ಇಡುವ ಪ್ರತಿಯೊಂದು ಹೆಜ್ಜೆಗೂ ಲೆಕ್ಕವಿದೆ. ಓಟದ ಹೆಜ್ಜೆಗೆ ಲೆಕ್ಕವಿಲ್ಲ. ಅದು ಇಟ್ಟಲ್ಲಿಯೇ ಪೂರ್ತಿಯಾಗುತ್ತದೆ.

ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಮನಸ್ಸನ್ನು ಹಿಡಿಯುವದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆಂದು ದೂರುವದೂ, ಕೃಷ್ಣನು ಅಭ್ಯಾಸವನ್ನೂ ವೈರಾಗ್ಯವನ್ನೂ ಉಪಾಯವಾಗಿ ತೋರಿಸುವದೂ ವಾಚಕರಿಗೆ ತಿಳಿದೇ ಇದೆ. ದೇಹದ ಅಭ್ಯಾಸವು ಮನಸ್ಸಿನ ಅಭ್ಯಾಸಕ್ಕೆ ಮೆಟ್ಟಿಲಾಗುವದೆಂಬದನ್ನು ಈಗಿನ ಶಾಸ್ತ್ರಜ್ಞರೂ ತಮ್ಮ ರೀತಿಯಲ್ಲಿ ಒಪ್ಪುತ್ತಾರೆ. ಓಟಗಾರನ ಉಲ್ಲಾಸಕ್ಕೆ ಎಂಡಾರ್ಫಿನ್ ಎಂಬ ದ್ರವ್ಯವೇ ಕಾರಣವೆಂದು ಬಹಳ ದಿನ ನಂಬಲಾಗಿತ್ತು. 2021ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಯೋಗದಲ್ಲಿ ಆ ದ್ರವ್ಯದ ಪರಿಣಾಮವನ್ನು ಔಷಧದಿಂದ ತಡೆದರೂ ಉಲ್ಲಾಸವು ಉಳಿಯಿತು. ಆದುದರಿಂದ ಭಂಗಿಯ ಸತ್ತ್ವವನ್ನು ಹೋಲುವ, ದೇಹವು ತಾನೇ ಹುಟ್ಟಿಸಿಕೊಳ್ಳುವ ಬೇರೊಂದು ದ್ರವ್ಯದ ಕಡೆಗೆ ಈಗ ಅವರ ದೃಷ್ಟಿ ಹೊರಳಿದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಾಪ್ತವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮವನ್ನು, ಇಲ್ಲವೆ 75ರಿಂದ 150 ನಿಮಿಷಗಳ ಬಿರುಸಾದ ವ್ಯಾಯಾಮವನ್ನು ವಿಧಿಸಿತು. ಆದರೆ ಓಟವು ಸರ್ವರೋಗಕ್ಕೂ ಮದ್ದೆಂದು ಯಾರೂ ತಿಳಿಯಬಾರದು. ವಿಷಾದವು ರೋಗವಾಗಿ ಬೇರೂರಿದ್ದರೆ ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗುವದಕ್ಕೆ ನಾಚಬೇಕಾದುದಿಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಕಠಿಣವಾದ ಇನ್ನೊಂದು ಪ್ರಶ್ನೆಯು ಏಳುತ್ತದೆ. ಅದರ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಿನಂಚಿನಲ್ಲಿ ಸಿದ್ದಿ ಜನರು ತಲೆತಲಾಂತರದಿಂದ ಇದ್ದಾರೆ. ಅವರ ಪೂರ್ವಜರು ಆಫ್ರಿಕದಿಂದ ಬಂದವರು. ಆ ಮೂಲದ ಕಾರಣದಿಂದಲೇ ಇವರು ಓಟದಲ್ಲಿ ದೇಶಕ್ಕೆ ಪದಕಗಳನ್ನು ತಂದಾರೆಂಬ ಆಸೆಯಿಂದ 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ಒಯ್ದಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಆದರೆ 1993ರ ಹೊತ್ತಿಗೆ ಆ ಕಾರ್ಯವು ನಿಂತುಹೋಯಿತು. ಕೆಲವರಿಗೆ ಸರಕಾರದ ಚಾಕರಿ ದೊರೆಯಿತು. ಉಳಿದವರು ಊರಿಗೆ ಮರಳಿ ಕೂಲಿಯ ಕೆಲಸಕ್ಕೆ ಕೈಹಚ್ಚಿದರು. ಪದಕ ತಾರದವರ ಓಟವು ವ್ಯರ್ಥವಾಯಿತೇ?

"ವ್ಯರ್ಥವಲ್ಲ, ಓಟದ ತೃಪ್ತಿಯು ಓಟದಲ್ಲಿಯೇ ಇದೆ" ಎಂದು ಮೇಲಿನ ನನ್ನ ಮಾತಿನಿಂದಲೇ ಉತ್ತರ ಕೊಡಬಹುದು. ಆದರೆ ಹಾಗೆ ಹೇಳುವದಕ್ಕೆ ನನ್ನ ನಾಲಿಗೆ ಏಳುವದಿಲ್ಲ. ತೋಟವೂ ಮನೆಯೂ ಉಳ್ಳವನು ಫಲವನ್ನು ಬಿಟ್ಟು ಓಡುವದು ಸುಲಭ. ನಾಳೆಯ ಕೂಲಿಯನ್ನು ನೆಚ್ಚಿದವನಿಗೆ ತೃಪ್ತಿಯನ್ನು ಬೇಯಿಸಿ ಬಡಿಸಲು ಬಾರದು. ಫಲವನ್ನು ಬಿಡು ಎಂಬ ಉಪದೇಶವು ಇಲ್ಲಿ ಮೊದಲು ಸಲ್ಲತಕ್ಕದ್ದು ಓಡುವವನಿಗಲ್ಲ, ಓಡಿಸುವವನಿಗೆ. ರಕ್ತವನ್ನು ನೋಡಿ ಮಕ್ಕಳನ್ನು ಆರಿಸುವದೂ, ಪದಕಗಳನ್ನು ಎಣಿಸಿ ಕೈಬಿಡುವದೂ ವ್ಯಾಪಾರಿಯ ಲೆಕ್ಕ. ಓಟವು ಮಗುವಿಗೆ ಆರೋಗ್ಯವನ್ನೂ ಧೈರ್ಯವನ್ನೂ ಕೊಡುವದೆಂದು ನಂಬಿ ಕಲಿಸಿದವನು, ಆ ಮಗು ಕೊನೆಯವನಾಗಿ ಗೆರೆ ಮುಟ್ಟಿದರೂ ಅದರ ಅನ್ನ, ವಿದ್ಯೆಗಳ ಹೊಣೆಯನ್ನು ಬಿಡಲಾರನು.

ನಮ್ಮ ಮನೆಗಳಲ್ಲಿಯೂ ಇದೇ ಮಾತು. ಶಾಲೆಯ ಪಂದ್ಯದಲ್ಲಿ ಸೋತು ಬಂದ ಮಗಳನ್ನು "ಎಷ್ಟನೆಯವಳಾದೆ?" ಎಂದು ಕೇಳುವದಕ್ಕೆ ಮುಂಚೆ "ಓಡುವಾಗ ಹೇಗನಿಸಿತು?" ಎಂದು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ? ಕೈಗೆ ಕಟ್ಟಿದ ಯಂತ್ರವು ಹೆಜ್ಜೆಗಳನ್ನು ಎಣಿಸಿ ತೋರಿಸುವ ಈ ಕಾಲದಲ್ಲಿ ದೊಡ್ಡವರ ಓಟಕ್ಕೂ ಲೆಕ್ಕವು ಮೆಲ್ಲಗೆ ಮರಳಿ ಬರುತ್ತಲಿದೆ. ನನ್ನ ಮಗನು ಅಂಥದೊಂದನ್ನು ನನಗೂ ತಂದುಕೊಟ್ಟನು. ಅದು ಪೆಟ್ಟಿಗೆಯಲ್ಲಿದೆ. ಈ ವರುಷವೂ ಅಡಿಕೆ ಉದುರಿದೆ; ನಾಳೆ ಬೆಳಿಗ್ಗೆ ಮಳೆ ಬಿಟ್ಟರೆ ಮಂಚಿಕೇರಿಯ ಹಾದಿಯಲ್ಲಿ ಒಂದಿಷ್ಟು ದೂರ ಹೋಗಿ ಬರಬೇಕೆಂದಿದ್ದೇನೆ.