ಮೊದಲ ಕಾರನ್ನು ಮಾರುವಾಗ



ಮನೆಯ ಮೊದಲ ಕಾರು ಮಾರಿಹೋದ ದಿನ ರಾತ್ರಿ ಊಟ ಸೇರದೆ ಎದ್ದುಹೋದ ಯಜಮಾನರನ್ನು ನೀವು ಕಂಡಿರಬಹುದು. ಮಕ್ಕಳಂತೂ ಬಾಯಿಬಿಟ್ಟೇ ಅಳುತ್ತಾರೆ. ನೆರೆಹೊರೆಯವರಿಗೆ ಇದು ನಗೆಯ ವಿಷಯ. ಹೊಸ ಗಾಡಿ ಬರುವಾಗ ಹಳೆಯ ತಗಡಿಗೆ ಯಾಕಿಷ್ಟು ಸಂಕಟ ಎನ್ನುತ್ತಾರೆ. ವಸ್ತುಗಳ ಮೇಲೆ ಮೋಹ ಬೇಡವೆಂದು ಚಿಕ್ಕಂದಿನಿಂದ ಕೇಳುತ್ತ ಬಂದಿರುವ ನಮಗೂ ಒಳಗೊಳಗೇ ನಾಚಿಕೆ. ಈ ಸಂಕಟ ನಿಜಕ್ಕೂ ನಾಚಿಕೆಪಡುವಂಥದ್ದೇ? ಸ್ವಲ್ಪ ಕುಳಿತು ಯೋಚಿಸೋಣ.

ರಾಯಚೂರಿನಿಂದ ಸಿರವಾರ ದಾಟಿ, ಕವಿತಾಳದ ಮೇಲೆ ಹಾದು ಲಿಂಗಸೂಗೂರಿಗೆ ಹೋಗುವ ರಸ್ತೆಯನ್ನು ಬಲ್ಲವರು ಬಲ್ಲರು. ಆಚೀಚೆ ಹತ್ತಿ, ತೊಗರಿ, ಜೋಳ. ಕಾಲುವೆಯ ನೀರು ತಲುಪಿದ ಕಡೆ ಭತ್ತ. ಇಂಥ ಕಡೆ ಒಂದು ಮನೆಗೆ ಮೊದಲ ಕಾರು ಬರುವುದೆಂದರೆ ಹೆಚ್ಚಾಗಿ ಹತ್ತಿಗೆ ರೇಟು ಸಿಕ್ಕ ವರ್ಷ, ಅದೂ ಯಾರೋ ಓಡಿಸಿ ಬಿಟ್ಟ ಮಾರುತಿ 800. ಆಮೇಲೆ ಆ ಕಾರು ಒಂದೇ ಮನೆಯ ಸೊತ್ತಾಗಿ ಉಳಿಯುವುದಿಲ್ಲ. ನಡುರಾತ್ರಿ ಹೆರಿಗೆ ನೋವು ಬಂದ ಪಕ್ಕದ ಮನೆಯ ಸೊಸೆಯನ್ನು ರಾಯಚೂರಿಗೆ ಮುಟ್ಟಿಸಿದ್ದು ಅದೇ. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಹೊತ್ತದ್ದು ಅದೇ, ಮದುಮಗಳನ್ನು ಕರೆತಂದದ್ದೂ ಅದೇ. ಮುದಗಲ್ಲಿನ ಹಳೆಯ ದೇವಾಲಯದ ಹಬ್ಬಕ್ಕೆ ನಾಲ್ವರ ಜಾಗದಲ್ಲಿ ಏಳು ಜನರನ್ನು ತುಂಬಿಕೊಂಡು ಹೋದದ್ದೂ ಅದೇ. ಕೊನೆಗೆ ಅಜ್ಜನನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಕೂಡ.

ಎಲ್ಲರೂ ಮಾರಲೇಬೇಕೆಂದಿಲ್ಲ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಮಾರುತಿ 800ರ ಕೀಲಿ ಪಡೆದ ದೆಹಲಿಯ ಹರ್ಪಾಲ್ ಸಿಂಗ್ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಬಿಟ್ಟುಕೊಡಲಿಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಯವರ ಮನೆಯ ಕಥೆ ಇನ್ನೂ ದೊಡ್ಡದು. 1964ರಲ್ಲಿ ಪ್ರಧಾನಿಯಾಗಿದ್ದಾಗ 12,000 ರೂಪಾಯಿಯ ಫಿಯೆಟ್ ಕೊಳ್ಳಲು ಅವರ ಬಳಿ ಪೂರ್ತಿ ಹಣವಿರಲಿಲ್ಲ. ಬ್ಯಾಂಕಿನಿಂದ 5,000 ಸಾಲ ತೆಗೆದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಇನ್ನೂ ಉಳಿದಿತ್ತು. ಪತ್ನಿ ಲಲಿತಾ ಅವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರು ದೆಹಲಿಯ ಅವರ ಸ್ಮಾರಕದಲ್ಲಿದೆ.

ನಮ್ಮ ನಿಮ್ಮಂಥವರಿಗೆ ಸ್ಮಾರಕ ಎಲ್ಲಿಂದ ಬರಬೇಕು? ಅಂಗಳದಲ್ಲಿರುವುದು ಒಂದೇ ಗಾಡಿಯ ಜಾಗ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಮಂಡಿ ನೋವಿನ ತಾಯಿಗೆ ಅಷ್ಟು ತಗ್ಗಾದ ಸೀಟಿನಿಂದ ಏಳಲು ಆಗುವುದಿಲ್ಲ. ಮಾರುವುದು ಸರಿಯೇ. ಆದರೆ ಹೇಗೆ ಮಾರುವುದು?

ಜೀವವಿಲ್ಲದ ವಸ್ತುವಿನ ಮೇಲಿನ ಪ್ರೀತಿಯನ್ನು ಗೆಳೆತನವೆಂದು ಕರೆಯಲಾಗದು ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ವಾದಿಸಿದ್ದರು. ಅದು ತಿರುಗಿ ನಮ್ಮನ್ನು ಪ್ರೀತಿಸುವುದಿಲ್ಲ, ನಾವೂ ಅದರ ಒಳಿತನ್ನು ಬಯಸುವುದಿಲ್ಲ. ಅವರು ಕೊಟ್ಟ ಉದಾಹರಣೆ ದ್ರಾಕ್ಷಾರಸದ್ದು: ಅದು ಕೆಡದಿರಲಿ ಎಂದು ಬಯಸುವುದು ನಾವು ಕುಡಿಯಲಿಕ್ಕಾಗಿ. ಮಾತು ಸರಿ. ಆದರೆ ಹಿರಿಯರು ಈ ಒಂದು ಕಡೆ ಸ್ವಲ್ಪ ಅವಸರ ಮಾಡಿದರೇನೋ ಎಂದು ನನಗೆ ಅನಿಸುತ್ತದೆ. ಮಾರಿದ ಮೇಲೆ ಆ ಕಾರಿನಿಂದ ನಮಗೆ ಮೂರು ಕಾಸಿನ ಉಪಯೋಗವಿಲ್ಲ. ಆದರೂ ಕೊಂಡವರು ಆಯಿಲ್ ಬದಲಿಸುತ್ತಿರಲಿ, ಬಿಸಿಲಿಗೆ ನಿಲ್ಲಿಸದಿರಲಿ ಎಂದು ಮನಸ್ಸು ಬೇಡುತ್ತದಲ್ಲ! ಸಾಕಿದ ಎತ್ತನ್ನು ಸಂತೆಗೆ ಹೊಡೆದುಕೊಂಡು ಬಂದ ರೈತನೂ ಹೀಗೆಯೇ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವಾಗಲೂ ನಡುವೆ ಒಂದು ಮಾತು ಕೇಳುತ್ತಾನೆ: ನಿಮ್ಮದು ಎರೆಹೊಲವೋ, ಕೆಂಪು ಮಣ್ಣೋ? ಎತ್ತಿಗೆ ಕಷ್ಟವಾಗುತ್ತದೋ ಎಂಬ ಚಿಂತೆ ಅದು.

ಈಗ ಬೆಲೆಯ ಮಾತು. ಪ್ರೀತಿಗೆ ಬೆಲೆ ಹಾಕಬಹುದೇ? "ಮನೆಯ ಮಗುವಿನ ಹಾಗೆ ನೋಡಿಕೊಂಡಿದ್ದೇವೆ, ಇಪ್ಪತ್ತು ಸಾವಿರ ಹೆಚ್ಚು ಕೊಡಿ" ಎನ್ನುವವರುಂಟು. 13ನೆಯ ಶತಮಾನದ ಸಂತ ಥಾಮಸ್ ಅಕ್ವೀನಾಸರು ತಮ್ಮ ಮಹಾಗ್ರಂಥದಲ್ಲಿ ಕೊಡುಕೊಳ್ಳುವಿಕೆಯ ಮೋಸಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಅವರ ತರ್ಕ ಹೀಗಿದೆ. ವಸ್ತು ಕೈಬಿಟ್ಟರೆ ಮಾರುವವನಿಗೆ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು. ಆದರೆ ಕೊಳ್ಳುವವನಿಗೆ ಅದು ತೀರಾ ಅಗತ್ಯವಿದೆ ಎಂಬ ಕಾರಣಕ್ಕೆ ಬೆಲೆ ಏರಿಸುವಂತಿಲ್ಲ. ಆ ಅಗತ್ಯ ಅವನದು, ನಮ್ಮದಲ್ಲದ್ದನ್ನು ನಾವು ಮಾರಲಾಗದು.

ಇದನ್ನು ನಮ್ಮ ಅಂಗಳಕ್ಕೆ ತಂದು ನೋಡಿ. ಬಸ್ಸು ಬಾರದ ಹಳ್ಳಿಯಿಂದ ಬಂದವನು, ಮನೆಯಲ್ಲಿ ಗರ್ಭಿಣಿ ಹೆಂಡತಿ ಇದ್ದಾಳೆ ಎಂದು ಬಾಯಿತಪ್ಪಿ ಹೇಳಿಬಿಟ್ಟರೆ, ಆ ಗಳಿಗೆಯಲ್ಲಿ ರೇಟು ಏರಿಸುವುದು ತಪ್ಪು. ದಲ್ಲಾಳಿ ಕಣ್ಣು ಮಿಟುಕಿಸಿದರೂ ತಪ್ಪೇ. ಇನ್ನು ನಮ್ಮ ಸಂಕಟ? ಹೊಸ ಕಾರು ಆಗಲೇ ಬುಕ್ ಆಗಿದ್ದರೆ ಗಾಡಿಯಿಲ್ಲದ ನಷ್ಟ ನಮಗಿಲ್ಲ. ನೆನಪುಗಳನ್ನಂತೂ ನಾವು ಮಾರುತ್ತಿಲ್ಲ, ಅವು ನಮ್ಮ ಹತ್ತಿರವೇ ಉಳಿಯುತ್ತವೆ. ಕೊಡದ ಸರಕಿಗೆ ದುಡ್ಡು ಕೇಳುವುದು ಯಾವ ನ್ಯಾಯ?

ಅದೇ ಭಾಗದಲ್ಲಿ ಅವರು ಇನ್ನೊಂದು ಪ್ರಶ್ನೆ ಎತ್ತುತ್ತಾರೆ. ವಸ್ತುವಿನ ದೋಷವನ್ನು ಮಾರುವವನೇ ಹೇಳಬೇಕೇ? ಕಣ್ಣಿಗೆ ಕಾಣುವ ದೋಷವಾದರೆ, ಒಕ್ಕಣ್ಣಿನ ಕುದುರೆಯಂತೆ, ಬೆಲೆಯಲ್ಲಿ ಅದಕ್ಕೆ ತಕ್ಕಷ್ಟು ಇಳಿಸಿದರೆ ಬಾಯಿಬಿಟ್ಟು ಹೇಳಬೇಕೆಂದಿಲ್ಲ. ಒಳಗೆ ಅಡಗಿ, ಕೊಂಡವನಿಗೆ ನಷ್ಟವನ್ನೋ ಅಪಾಯವನ್ನೋ ತರುವ ದೋಷವಾದರೆ ಹೇಳಲೇಬೇಕು. ಬಾಗಿಲಿನ ತಗ್ಗು, ಹರಿದ ಸೀಟು ಒಕ್ಕಣ್ಣಿನ ಕುದುರೆಯ ಜಾತಿಗೆ ಸೇರಿದವು. ಇಳಿಜಾರಿನಲ್ಲಿ ಎರಡು ಸಲ ತುಳಿದರಷ್ಟೇ ಹಿಡಿಯುವ ಬ್ರೇಕು, ಅಪಘಾತದಲ್ಲಿ ಸೊಟ್ಟಗಾಗಿ ಟಿಂಕರಿಂಗ್ ಮಾಡಿಸಿ ಬಣ್ಣ ಬಳಿದ ಚಾಸಿ, ಹಿಂದಕ್ಕೆ ತಿರುಗಿಸಿದ ಕಿಲೋಮೀಟರು, ಇವು ಎರಡನೆಯ ಜಾತಿಯವು. ಬ್ರೇಕಿನ ವಿಷಯ ಮುಚ್ಚಿಟ್ಟವನು ಪುಡಿಗಾಸು ಉಳಿಸಿಕೊಂಡು, ಬೇರೊಂದು ಮನೆಯ ಮಕ್ಕಳನ್ನು ಅದೇ ಸೀಟಿನಲ್ಲಿ ಕೂರಿಸಿ ಕಳಿಸಿದ ಹಾಗೆ. ಇಷ್ಟು ವರ್ಷ ಓಡಿಸಿದವನಿಗಿಂತ ಚೆನ್ನಾಗಿ ಕಾರಿನ ರೋಗ ಬಲ್ಲವರು ಬೇರೆ ಯಾರಿದ್ದಾರೆ? ಹೇಳಿದರೆ ಗಿರಾಕಿ ಓಡಿಹೋಗುತ್ತಾನೆ ಎನ್ನುತ್ತೀರಾ? ಒಬ್ಬಿಬ್ಬರು ಹೋಗಲೂಬಹುದು, ಹೋಗಲಿ. ಇಲ್ಲವೇ ರಿಪೇರಿ ಮಾಡಿಸಿಯೇ ಮಾರಿ.

ದುಡ್ಡು ಎಣಿಸಿಕೊಂಡ ಕೂಡಲೇ ಎಲ್ಲ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಹೆಸರು ಬದಲಾವಣೆ ಆಮೇಲೆ ನೋಡಿಕೊಂಡರಾಯಿತು, ರಾಯಚೂರಿಗೆ ಯಾರು ಹೋಗುತ್ತಾರೆ ಎಂಬ ಸೋಮಾರಿತನ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗೇ ಮಾರಿದರೆ 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸುವುದು ಮಾರಿದವರ ಕರ್ತವ್ಯ. 29 ಮತ್ತು 30ನೆಯ ನಮೂನೆಗಳು ಅದಕ್ಕಾಗಿಯೇ ಇವೆ. ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತ ಒಂದು ಪ್ರಕರಣವನ್ನು ಕೇಳಿ. 2007ರಲ್ಲಿ ಮಾರಿದ ಗಾಡಿ ಕೈಯಿಂದ ಕೈಗೆ ದಾಟುತ್ತ ಹೋಯಿತು. ದಾಖಲೆಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. 2009ರಲ್ಲಿ ಅದು ಹಿಮ್ಮುಖವಾಗಿ ಚಲಿಸುವಾಗ ಒಬ್ಬ ಹುಡುಗ ಚಕ್ರಕ್ಕೆ ಸಿಕ್ಕಿ ಸತ್ತ. ಪರಿಹಾರದ ಹೊಣೆ ಬಿದ್ದದ್ದು ದಾಖಲೆಯಲ್ಲಿ ಹೆಸರಿದ್ದವರ ಮೇಲೆ. ಇದು ಅನ್ಯಾಯವೆಂದು ಕೆಲವರಿಗೆ ತೋರಬಹುದು, ನನಗೆ ತೋರುವುದಿಲ್ಲ. ಮಗನನ್ನು ಕಳೆದುಕೊಂಡವರು ಒಬ್ಬರ ಹಿಂದೊಬ್ಬರಂತೆ ಕೊಂಡವರನ್ನೆಲ್ಲ ಹುಡುಕುತ್ತ ಅಲೆಯಬೇಕೇ?

ಹೊಸ ಕಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯದರ ಜೊತೆ ಹೋಲಿಸಿ ಹಂಗಿಸುತ್ತಿದ್ದರೆ ಅದು ಎಂದೂ ಮನೆಯದಾಗುವುದಿಲ್ಲ. ಎರಡನೆಯ ಸೊಸೆಗೆ ಮೊದಲನೆಯವಳ ಅಡುಗೆಯನ್ನು ಹೊಗಳಿದ ಹಾಗೆ. ಅಳುವ ಮಕ್ಕಳನ್ನು ಗದರಿಸಬೇಡಿ. ಅವರಿಗೆ ತಿಳಿದದ್ದು ಆ ಒಂದೇ ಕಾರು.

ಕನ್ನಡಿಗೆ ತೂಗುಹಾಕಿದ ಜಪಸರದ ಬಗ್ಗೆಯೂ ಕೆಲವರು ಕೇಳುವುದುಂಟು. ಗುರುಗಳು ಆಶೀರ್ವದಿಸಿದ ಕಾರು, ಅನ್ಯಧರ್ಮದವರಿಗೆ ಮಾರಬಹುದೇ? ಧಾರಾಳವಾಗಿ ಮಾರಬಹುದು. ಆಶೀರ್ವಾದವಾಗಿದೆ ಎಂದು ಬೆಲೆ ಮಾತ್ರ ಏರಿಸುವಂತಿಲ್ಲ. ಜಪಸರವನ್ನು ಬಿಚ್ಚಿಟ್ಟುಕೊಳ್ಳಿ; ಎತ್ತು ಮಾರಿದವರಲ್ಲೂ ಕೊರಳ ಹಗ್ಗವನ್ನು ಬಿಚ್ಚಿಕೊಂಡು ಬರುವವರುಂಟು.

ಕೊಂಡುಕೊಂಡವರ ಮನೆಗೆ ಅದೇ ಮೊದಲ ಕಾರಾಗಿರಬಹುದು. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಂದಿರುತ್ತಾರೆ. ಚಹಾ ಕೊಟ್ಟು ಕೂರಿಸಿ. ಚಳಿಗಾಲದ ಬೆಳಗ್ಗೆ ಚೋಕ್ ಎಷ್ಟು ಎಳೆಯಬೇಕು, ಯಾವ ಕಿಟಕಿಯ ಗಾಜು ಸಿಕ್ಕಿಹಾಕಿಕೊಳ್ಳುತ್ತದೆ, ಸ್ಟೆಪ್ನಿಗೆ ಯಾವಾಗ ಗಾಳಿ ಹಾಕಿಸಿದ್ದು, ಇಷ್ಟು ವರ್ಷ ಯಾವ ಮಿಸ್ತ್ರಿಯ ಕೈಗೆ ಕೊಡುತ್ತಿದ್ದಿರಿ, ಜಾಕು ಪಾನಾ ಎಲ್ಲಿವೆ, ಇದನ್ನೆಲ್ಲ ಹೇಳಿ ಕಳಿಸಿ.